ನ್ಯಾನೋ ಕಾರ್ಬನ್ ಎಲ್ಲ ವಿಷವನ್ನೂ ಹೀರುತ್ತದೆಯೇ? ಇಂಗಾಲಕ್ಕೆ ಏನು ಅಂಟುತ್ತದೆ, ಏನು ಅಂಟುವುದಿಲ್ಲ

“ರಾತ್ರಿ ಬೋರ್‌ವೆಲ್ ನೀರಿಗೆ ಎರಡು ತುಂಡು ಇದ್ದಿಲು ಹಾಕಿಡಿ, ಬೆಳಿಗ್ಗೆ ಆರ್‌ಒ ನೀರು ರೆಡಿ.” “ನ್ಯಾನೋ ಕಾರ್ಬನ್ ಫಿಲ್ಟರ್ ಹಾಕಿಸಿದರೆ ಎಂಥ ನೀರೂ ಅಮೃತ.” “ಇದ್ದಿಲು ಎಲ್ಲ ವಿಷವನ್ನೂ ಹೀರುತ್ತದೆ, ಎಲ್ಲರಿಗೂ ಶೇರ್ ಮಾಡಿ.” ಇಂಥ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಇವು ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ತೊಂದರೆ ಏನೆಂದರೆ ಇವುಗಳಲ್ಲಿ ಅರ್ಧ ಸತ್ಯವಿದೆ.

ಭಾಲ್ಕಿ ತಾಲ್ಲೂಕಿನ ಹಲಬರ್ಗಾದಂಥ ಊರಿನಲ್ಲಿ ಈ ಅರ್ಧ ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ಸೋಯಾ, ತೊಗರಿ, ಕಬ್ಬಿನ ಹೊಲಕ್ಕೆ ಎಣ್ಣೆ ಹೊಡೆಯುವುದು ಇದ್ದದ್ದೇ. ಗೊಬ್ಬರ ಹಾಕುವುದೂ ಇದ್ದದ್ದೇ. ಕುಡಿಯುವ ನೀರು ಅದೇ ನೆಲದಡಿಯಿಂದ ಬರುವಾಗ ಯಾವ ಫಿಲ್ಟರ್ ಯಾವುದನ್ನು ಹಿಡಿಯುತ್ತದೆ ಎಂದು ತಿಳಿದಿರಬೇಕು.

ಚುಟುಕಾಗಿ ಉತ್ತರ

ಇಂಗಾಲದ ಮೇಲ್ಮೈಗೆ ಕೆಲವು ಅಣುಗಳು ಚೆನ್ನಾಗಿ ಅಂಟುತ್ತವೆ, ಕೆಲವು ಅಂಟುವುದೇ ಇಲ್ಲ. ಅದು ಒಲೆಯ ಇದ್ದಿಲಾಗಲಿ, ಅಂಗಡಿಯ ಕಾರ್ಬನ್ ಕ್ಯಾಂಡಲ್ ಆಗಲಿ, ಪ್ರಯೋಗಾಲಯದ ನ್ಯಾನೋಟ್ಯೂಬ್ ಆಗಲಿ, ನಿಯಮ ಹೆಚ್ಚುಕಡಿಮೆ ಒಂದೇ. ಕ್ಲೋರಿನ್, ಕೆಟ್ಟ ವಾಸನೆ, ಬಣ್ಣ, ಅನೇಕ ಕೀಟನಾಶಕಗಳನ್ನು ಒಳ್ಳೆಯ ಕಾರ್ಬನ್ ಹಿಡಿಯುತ್ತದೆ. ನೈಟ್ರೇಟ್, ಫ್ಲೋರೈಡ್, ಗಡಸುತನ, ಕಾರ್ಬನ್ ಮಾನಾಕ್ಸೈಡ್ ಅನಿಲ ಇವನ್ನು ಹಿಡಿಯುವುದಿಲ್ಲ. ಹಾವಿನ ವಿಷಕ್ಕಂತೂ ಅದರಿಂದ ಏನೂ ಆಗುವುದಿಲ್ಲ. ಯಾಕೆ ಹೀಗೆ ಎಂದು ನೋಡೋಣ.

ಹೀರುವುದು ಬೇರೆ, ಅಂಟುವುದು ಬೇರೆ

ಸ್ಪಂಜು ನೀರನ್ನು ತನ್ನ ಮೈಯೊಳಗೆ ತುಂಬಿಕೊಳ್ಳುತ್ತದೆ. ಅದು ಹೀರುವುದು. ಇದ್ದಿಲು ಹಾಗೆ ಮಾಡುವುದಿಲ್ಲ. ಅಣುಗಳು ಅದರ ಮೇಲ್ಮೈಗೆ ಬಂದು ಕೂರುತ್ತವೆ, ಕಪ್ಪು ಹಲಗೆಗೆ ಸುಣ್ಣದ ಪುಡಿ ಕೂತಂತೆ. ವಿಜ್ಞಾನದಲ್ಲಿ ಇದಕ್ಕೆ ಅಡ್ಸಾರ್ಪ್ಶನ್ ಎನ್ನುತ್ತಾರೆ. ಇಲ್ಲಿ ನಾವು ಸುಮ್ಮನೆ ‘ಅಂಟಿಕೆ’ ಎಂದು ಕರೆಯೋಣ.

ಕೆಲಸವೆಲ್ಲ ಮೇಲ್ಮೈಯಲ್ಲಿ ನಡೆಯುವುದರಿಂದ, ಮೇಲ್ಮೈ ಎಷ್ಟು ದೊಡ್ಡದೋ ಅಷ್ಟು ಲಾಭ. ತೆಂಗಿನ ಚಿಪ್ಪಿನಂಥ ವಸ್ತುವನ್ನು ಸುಟ್ಟು ಇದ್ದಿಲು ಮಾಡಿ, ಅದಕ್ಕೆ 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಬೆ ಹಾಯಿಸಿದರೆ ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು ತೆರೆಯುತ್ತವೆ. ಇದೇ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಸಕ್ರಿಯ ಇಂಗಾಲ. ಇಂಥ ಇಂಗಾಲದ ಒಂದು ಗ್ರಾಂನಲ್ಲಿ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗುಂಟೆ. ನಾಲ್ಕು ಗ್ರಾಂ ಪುಡಿಯಲ್ಲಿ ಒಂದು ಎಕರೆ!

ಒಲೆಯಲ್ಲಿ ಉಳಿದ ಇದ್ದಿಲಿಗೆ ಈ ಭಾಗ್ಯವಿಲ್ಲ. ಅದರ ರಂಧ್ರಗಳು ಕಡಿಮೆ, ಇದ್ದವೂ ಡಾಂಬರಿನಂಥ ಅಂಟು ಪದಾರ್ಥದಿಂದ ಮುಚ್ಚಿಕೊಂಡಿರುತ್ತವೆ. ಜೊತೆಗೆ ಬೂದಿಯ ಕ್ಷಾರ ನೀರಿಗೆ ಸೇರುತ್ತದೆ. ಕೊಡಕ್ಕೆ ಎರಡು ತುಂಡು ಇದ್ದಿಲು ಹಾಕುವ ಸಲಹೆಯ ಮೊದಲ ತಪ್ಪು ಇಲ್ಲೇ ಇದೆ.

ನ್ಯಾನೋಟ್ಯೂಬ್ ಅಂದರೆ ಏನು?

ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಎಂಬುದು ಇಂಗಾಲದ ಹಾಳೆಗಳ ಅಟ್ಟಿ. ಪ್ರತಿ ಹಾಳೆಯಲ್ಲಿ ಪರಮಾಣುಗಳು ಜೇನುಹುಟ್ಟಿನ ಕೋಣೆಗಳಂತೆ ಆರು ಮೂಲೆಯ ಉಂಗುರಗಳಲ್ಲಿ ಜೋಡಣೆಯಾಗಿರುತ್ತವೆ. ಅಂಥ ಒಂದು ಹಾಳೆಯನ್ನು ಚಾಪೆ ಸುತ್ತಿದ ಹಾಗೆ ಕೊಳವೆಯಾಗಿಸಿದರೆ ಅದೇ ಇಂಗಾಲದ ನ್ಯಾನೋಟ್ಯೂಬ್. ಒಂದೇ ಹಾಳೆಯ ಕೊಳವೆಯ ದಪ್ಪ ಸಾಮಾನ್ಯವಾಗಿ ಒಂದೆರಡು ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಅಂದಾಜು ಸಿಕ್ಕೀತು.

ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಹಲವು ಪದರಗಳ ನ್ಯಾನೋಟ್ಯೂಬ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು. 1993ರಲ್ಲಿ ಒಂದೇ ಪದರದ ಕೊಳವೆಗಳೂ ಸಿಕ್ಕವು. ಈ ಒಂದೇ ಪದರದ ಕೊಳವೆಯಲ್ಲಿ ಒಂದು ವಿಶೇಷವಿದೆ. ಅದರ ಎಲ್ಲ ಪರಮಾಣುಗಳೂ ಮೇಲ್ಮೈಯಲ್ಲೇ ಇವೆ, ಒಳಗೆ ಅಡಗಿದವು ಯಾವುವೂ ಇಲ್ಲ. ಆದ್ದರಿಂದ ಅಣುಗಳು ಇಂಗಾಲಕ್ಕೆ ಹೇಗೆ ಅಂಟುತ್ತವೆ ಎಂದು ಕಲಿಯಲು ಇದು ಒಳ್ಳೆಯ ಪಾಠಶಾಲೆ.

ಲೆಕ್ಕದ ಪ್ರಕಾರ, ಒಂದು ಗ್ರಾಂ ಇಂಗಾಲದ ಹಾಳೆಯ ಎರಡೂ ಬದಿ ಸೇರಿ ಸುಮಾರು 2,630 ಚದರ ಮೀಟರ್ ಮೇಲ್ಮೈ ಇರುತ್ತದೆ. ಅಂದರೆ 26 ಗುಂಟೆ. ಕೊಳವೆಯ ಬಾಯಿ ಮುಚ್ಚಿದ್ದರೆ ಹೊರಬದಿ ಮಾತ್ರ ಸಿಗುತ್ತದೆ, ಅರ್ಧಕ್ಕೆ ಇಳಿಯಿತು. ನಿಜದಲ್ಲಿ ಇನ್ನೂ ಕಡಿಮೆ, ಯಾಕೆಂದರೆ ನ್ಯಾನೋಟ್ಯೂಬ್‌ಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಒಂದಕ್ಕೊಂದು ಅಂಟಿ, ಜೋಳದ ದಂಟಿನ ಕಟ್ಟಿನ ಹಾಗೆ ಗುಂಪಾಗುತ್ತವೆ. ‘ನ್ಯಾನೋ’ ಎಂದ ಕೂಡಲೇ ಮಾಮೂಲಿ ಕಾರ್ಬನ್‌ಗಿಂತ ಸಾವಿರ ಪಟ್ಟು ಶಕ್ತಿ ಎಂಬ ಜಾಹೀರಾತಿನ ಮಾತು ಇಲ್ಲಿ ನಿಲ್ಲುವುದಿಲ್ಲ. ಒಳ್ಳೆಯ ಸಕ್ರಿಯ ಇಂಗಾಲವೂ ಮೇಲ್ಮೈಯ ಲೆಕ್ಕದಲ್ಲಿ ಅದೇ ಮಟ್ಟದಲ್ಲಿದೆ.

ಅಣು ಯಾಕೆ ಅಂಟುತ್ತದೆ?

ಇಲ್ಲಿ ಅಂಟು, ಗೋಂದು ಏನೂ ಇಲ್ಲ. ಯಾವ ಎರಡು ಅಣುಗಳು ತೀರ ಹತ್ತಿರ ಬಂದರೂ ಅವುಗಳ ಎಲೆಕ್ಟ್ರಾನುಗಳು ಸ್ವಲ್ಪ ಆಚೀಚೆ ಸರಿದು ಒಂದನ್ನೊಂದು ಸೆಳೆಯುತ್ತವೆ. ಇದು ವಾನ್ ಡರ್ ವಾಲ್ಸ್ ಸೆಳೆತ. ಬಹಳ ದುರ್ಬಲ. ಇಂಗಾಲದ ಎರಡು ಪರಮಾಣುಗಳ ನಡುವಿನ ಗಟ್ಟಿ ಬಂಧ ಮುರಿಯಲು ಮೋಲ್‌ಗೆ ಸುಮಾರು 350 ಕಿಲೋಜೌಲ್ ಬೇಕು. ಸಣ್ಣ ಅನಿಲದ ಅಣುವನ್ನು ಇಂಗಾಲದ ಮೇಲ್ಮೈಯಿಂದ ಎಬ್ಬಿಸಲು ಸಾಮಾನ್ಯವಾಗಿ ಅದರ ಹತ್ತನೇ ಒಂದು ಭಾಗ, ಅಥವಾ ಅದಕ್ಕೂ ಕಡಿಮೆ ಸಾಕು. ಹಾಗಾಗಿ ಅಂಟಿದ್ದು ಮತ್ತೆ ಬಿಡಬಹುದು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಯಾವ ಅಣು ಗಟ್ಟಿಯಾಗಿ ಕೂರುತ್ತದೆ, ಯಾವುದು ಜಾರುತ್ತದೆ ಎಂಬುದು ಮುಖ್ಯವಾಗಿ ನಾಲ್ಕು ವಿಷಯಗಳ ಮೇಲೆ ನಿಂತಿದೆ.

1. ಗಾತ್ರ: ದೊಡ್ಡ ಅಣುವಿಗೆ ಮೇಲ್ಮೈಯನ್ನು ಮುಟ್ಟುವ ಜಾಗ ಹೆಚ್ಚು, ಸೆಳೆತವೂ ಹೆಚ್ಚು. ಆದರೆ ರಂಧ್ರದ ಬಾಯಿಗಿಂತ ದೊಡ್ಡದಾದರೆ ಒಳಗೆ ಹೋಗಲಾರದು.

2. ಆಕಾರ: ಚಪ್ಪಟೆ ಅಣು ರೊಟ್ಟಿ ಹಂಚಿನ ಮೇಲೆ ಕೂತಂತೆ ಪೂರ್ತಿ ಮೈಯೊಡ್ಡಿ ಕೂರುತ್ತದೆ. ಬೆಂಜೀನ್‌ನಂಥ ಉಂಗುರವಿರುವ ಅಣುಗಳು ಇಂಗಾಲದ ಉಂಗುರಗಳ ಮೇಲೆ ಪದರವಾಗಿ ನಿಲ್ಲುತ್ತವೆ. ಅನೇಕ ಬಣ್ಣಗಳು, ಔಷಧಗಳು, ಕೀಟನಾಶಕಗಳು ಈ ಜಾತಿಯವು.

3. ನೀರಿನ ಸಹವಾಸ: ನೀರನ್ನು ಇಷ್ಟಪಡದ, ಎಣ್ಣೆಯ ಸ್ವಭಾವದ ಅಣು ನೀರಿನಿಂದ ತಪ್ಪಿಸಿಕೊಂಡು ಇಂಗಾಲದತ್ತ ಹೋಗುತ್ತದೆ. ಸಕ್ಕರೆ, ಮದ್ಯಸಾರದಂಥವು ನೀರಲ್ಲೇ ಸುಖವಾಗಿರುತ್ತವೆ.

4. ವಿದ್ಯುದಂಶ: ಉಪ್ಪು ಕರಗಿದಾಗ ಆಗುವ ಅಯಾನುಗಳ ಸುತ್ತ ನೀರಿನ ಅಣುಗಳು ಮುತ್ತಿಕೊಂಡು ನಿಂತಿರುತ್ತವೆ. ಆ ಬಿಗಿ ಕಾವಲನ್ನು ಬಿಟ್ಟು ಅಯಾನು ಇಂಗಾಲದ ಬಳಿ ಬರಲು ಕಾರಣವೇ ಇಲ್ಲ.

ಈ ನಾಲ್ಕು ಸಾಲು ತಿಳಿದರೆ ‘ಇದ್ದಿಲು ಎಲ್ಲವನ್ನೂ ಹೀರುತ್ತದೆ’ ಎಂಬ ಯಾವ ಸಂದೇಶವನ್ನೂ ನೀವೇ ಪರೀಕ್ಷಿಸಬಹುದು.

ಅಂಟುವ ಜಾಗವೂ ಮುಖ್ಯ. ನ್ಯಾನೋಟ್ಯೂಬ್ ಕಟ್ಟಿನಲ್ಲಿ ನಾಲ್ಕು ಬಗೆಯ ಜಾಗಗಳಿವೆ: ಕೊಳವೆಯ ಹೊರಮೈ, ಎರಡು ಕೊಳವೆ ಕೂಡುವ ಸಂದಿ, ಮೂರು ಕೊಳವೆಗಳ ನಡುವಿನ ಇಕ್ಕಟ್ಟಾದ ಓಣಿ, ಮತ್ತು ಬಾಯಿ ತೆರೆದಿದ್ದರೆ ಕೊಳವೆಯ ಒಳಭಾಗ. ಹೊರಮೈಯಲ್ಲಿ ಕೂತ ಅಣುವನ್ನು ಒಂದೇ ಗೋಡೆ ಸೆಳೆಯುತ್ತದೆ. ಸಂದಿಯಲ್ಲಿ ಎರಡು ಗೋಡೆ, ಒಳಗೆ ಸುತ್ತಲೂ ಗೋಡೆ. ಹೀಗಾಗಿ ಸಣ್ಣ ಅಣುಗಳು ಮೊದಲು ಸಂದಿ ಮತ್ತು ಒಳಭಾಗ ಹಿಡಿಯುತ್ತವೆ, ಆಮೇಲೆ ಹೊರಮೈ. ಕೊಳವೆಗಳ ನಡುವಿನ ಓಣಿಗೆ ಮಾತ್ರ ಹೆಚ್ಚಿನ ಅಣುಗಳು ತೂರಲಾರವು.

ರೈಲಿನ ಸೀಟಿನ ಲೆಕ್ಕ

ಬೀದರ್‌ನಿಂದ ಭಾಲ್ಕಿಯತ್ತ ಹೊರಟ ಪ್ಯಾಸೆಂಜರ್ ರೈಲು ಹಲಬರ್ಗಾ ನಿಲ್ದಾಣದಲ್ಲಿ ನಿಂತಿದೆ ಎಂದುಕೊಳ್ಳಿ. ಸೀಟು ಖಾಲಿ ಇರುವಾಗ ಹತ್ತಿದವರೆಲ್ಲ ಕೂರುತ್ತಾರೆ. ಅರ್ಧ ತುಂಬಿದ ಮೇಲೆ ಹುಡುಕಬೇಕಾಗುತ್ತದೆ. ಪೂರ್ತಿ ತುಂಬಿದರೆ ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರಿಗೆ ಜಾಗ.

ಮೇಲ್ಮೈಯ ಅಂಟಿಕೆಯೂ ಇದೇ ಲೆಕ್ಕದಲ್ಲಿ ನಡೆಯುತ್ತದೆ ಎಂದು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಒಂದು ಶತಮಾನದ ಹಿಂದೆಯೇ ಸೂತ್ರ ಬರೆದು ತೋರಿಸಿದರು. ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕಾಗಿ 1932ರಲ್ಲಿ ಅವರಿಗೆ ನೊಬೆಲ್ ಬಂತು. ಸೀಟುಗಳ ಸಂಖ್ಯೆ ಸೀಮಿತ. ಅಣುಗಳು ಕೂರುತ್ತಲೂ ಇರುತ್ತವೆ, ಏಳುತ್ತಲೂ ಇರುತ್ತವೆ. ಹೆಚ್ಚು ಗಟ್ಟಿಯಾಗಿ ಅಂಟುವ ಅಣು ಬಂದರೆ ಮೊದಲು ಕೂತಿದ್ದ ಸಡಿಲ ಅಣುವನ್ನು ಎಬ್ಬಿಸಿಬಿಡುತ್ತದೆ.

ಮನೆಯ ಫಿಲ್ಟರಿಗೆ ಇದರ ಅರ್ಥ ಸರಳ. ಕಾರ್ಬನ್ ಕಾರ್ಟ್ರಿಜ್‌ನ ಸೀಟುಗಳು ಒಂದು ದಿನ ತುಂಬುತ್ತವೆ. ಆಮೇಲೆ ನೀರು ಬರುತ್ತಲೇ ಇರುತ್ತದೆ, ಆದರೆ ಶುದ್ಧವಾಗುವುದಿಲ್ಲ. ಹಿಡಿದಿದ್ದ ಕೆಲವು ಅಣುಗಳು ವಾಪಸ್ ನೀರಿಗೆ ಬೀಳಲೂಬಹುದು. ಅಷ್ಟೇ ಅಲ್ಲ, ಕಾರ್ಬನ್ ಕ್ಲೋರಿನ್ನನ್ನು ತೆಗೆದುಬಿಡುವುದರಿಂದ ಹಳೆಯ ಕಾರ್ಟ್ರಿಜ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ. “ಹಳೇ ಕಾರ್ಬನ್ನನ್ನು ಬಿಸಿಲಿಗೆ ಒಣಗಿಸಿ ಮತ್ತೆ ಬಳಸಿ” ಎಂಬ ಫಾರ್ವರ್ಡ್ ನಂಬಬೇಡಿ. ಕಾರ್ಖಾನೆಯಲ್ಲಿ ಇದನ್ನು ಮತ್ತೆ ಚುರುಕುಗೊಳಿಸಲು 800 ಡಿಗ್ರಿಯ ಆಸುಪಾಸಿನ ಶಾಖ ಬೇಕಾಗುತ್ತದೆ. ನಮ್ಮ ಕಡೆ ಮೇ ತಿಂಗಳ ಬಿಸಿಲು ಎಷ್ಟು ಸುಟ್ಟರೂ ಅದರ ಹತ್ತಿರಕ್ಕೂ ಬಾರದು.

ಬೆಂಗಳೂರಿನಲ್ಲಿ ಕಂಡದ್ದು

ಇಂಗಾಲದ ಗೋಡೆಯ ಬಳಿ ಬಂದ ಅಣು ಸುಮ್ಮನೆ ಕೂರುವುದಿಲ್ಲ, ಗೋಡೆಯ ಎಲೆಕ್ಟ್ರಾನುಗಳನ್ನೂ ಕದಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಕೆ. ಸೂದ್ ಮತ್ತು ಶಂಕರ್ ಘೋಷ್, ಭೌತವಿಜ್ಞಾನಿ ಎನ್. ಕುಮಾರ್ ಅವರೊಂದಿಗೆ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನ್ಯಾನೋಟ್ಯೂಬ್ ಕಟ್ಟುಗಳ ಮೇಲೆ ದ್ರವ ಹರಿಸಿದರೆ ಸಣ್ಣ ಪ್ರಮಾಣದ ವಿದ್ಯುತ್ ಒತ್ತಡ ಹುಟ್ಟುತ್ತದೆ ಎಂದು ಅದರಲ್ಲಿ ತೋರಿಸಿದ್ದರು. ಮುಂದೆ 2022ರಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾದ ಸೂದ್ ಇವರೇ. ನ್ಯಾನೋಟ್ಯೂಬ್ ಒಳಗೆ ನೀರಿನ ಅಣುಗಳು ಹೇಗೆ ಸಾಲಾಗಿ ಸಾಗುತ್ತವೆ ಎಂಬುದನ್ನು ಅದೇ ಸಂಸ್ಥೆಯ ಪ್ರಬಲ್ ಮೈತಿ ಅವರ ತಂಡ ಕಂಪ್ಯೂಟರಿನಲ್ಲಿ ಅಧ್ಯಯನ ಮಾಡಿದೆ.

ಅಂಟಿದ ಅಣುವನ್ನೇ ವಿದ್ಯುತ್ತಿನಿಂದ ಗುರುತಿಸಬಹುದೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೊಂಗ್ಜಿ ದಾಯಿ ಅವರ ತಂಡ 2000ದಲ್ಲಿ ಅದನ್ನು ಮಾಡಿ ತೋರಿಸಿತು. ನೈಟ್ರೋಜನ್ ಡೈಆಕ್ಸೈಡ್ ಅಂಟಿದಾಗ ಅವರ ನ್ಯಾನೋಟ್ಯೂಬ್‌ನಲ್ಲಿ ವಿದ್ಯುತ್ ಹೆಚ್ಚು ಸರಾಗವಾಗಿ ಹರಿಯಿತು, ಅಮೋನಿಯಾ ಅಂಟಿದಾಗ ಕಡಿಮೆಯಾಯಿತು. ಅನಿಲ ನಿಲ್ಲಿಸಿದ ಮೇಲೆ ಕೊಳವೆ ಮೊದಲಿನ ಸ್ಥಿತಿಗೆ ಬರಲು ಮಾತ್ರ ಗಂಟೆಗಟ್ಟಲೆ ಬೇಕಾಯಿತು. ಎದ್ದು ಹೋಗುವುದಕ್ಕೂ ಅಣುವಿಗೆ ಸಮಯ ಬೇಕು.

ಹಾಗಾದರೆ ನ್ಯಾನೋಟ್ಯೂಬ್ ಫಿಲ್ಟರ್ ಬರೀ ಸುಳ್ಳೇ? ಅಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ 2004ರಲ್ಲಿ ನ್ಯಾನೋಟ್ಯೂಬ್‌ಗಳಿಂದಲೇ ಕಟ್ಟಿದ ಫಿಲ್ಟರ್ ತಯಾರಿಸಿದರು. ನೀರಿನಿಂದ ಇ. ಕೋಲಿ ಬ್ಯಾಕ್ಟೀರಿಯಾ ಮತ್ತು ಪೋಲಿಯೋ ವೈರಸ್‌ಗಳನ್ನು ಅದು ಬೇರ್ಪಡಿಸಿತು. ಆದರೆ ಅಂಥ ಪ್ರಯೋಗಕ್ಕೂ, ‘ನ್ಯಾನೋ’ ಎಂದು ಚೀಟಿ ಅಂಟಿಸಿದ ಮಾರುಕಟ್ಟೆಯ ಡಬ್ಬಿಗೂ ದೂರ ಬಹಳ. ಡಬ್ಬಿಯ ಮೇಲೆ ‘ನ್ಯಾನೋ’ ಎಂದು ಬರೆದ ಮಾತ್ರಕ್ಕೆ ಒಳಗೆ ನ್ಯಾನೋಟ್ಯೂಬ್ ಇದೆ ಎಂದಾಗುವುದಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತೂ ಇದೆ. ಉದ್ದನೆಯ, ಬಿರುಸಾದ ಕೆಲವು ನ್ಯಾನೋಟ್ಯೂಬ್‌ಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆ ಹಾನಿ ಮಾಡಿದ್ದು 2008ರ ಅಧ್ಯಯನದಲ್ಲಿ ಕಂಡಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಒಂದು ಬಗೆಯ ಬಹುಪದರ ನ್ಯಾನೋಟ್ಯೂಬ್ ಅನ್ನು ‘ಕ್ಯಾನ್ಸರ್ ತರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿತು. ಇದು ಮುಖ್ಯವಾಗಿ ಉಸಿರಿನೊಂದಿಗೆ ಒಳಹೋಗುವ ಪುಡಿಯ ವಿಚಾರ. ಆದರೂ ಬಿಡಿ ಪುಡಿಯನ್ನು ನೀರಿಗೆ ಕಲಸಿ ಕುಡಿಯುವಂಥ ಪದಾರ್ಥ ಇದಲ್ಲ.

ಹಲಬರ್ಗಾದ ಕೊಡದ ನೀರಿಗೆ ಇದನ್ನು ಅನ್ವಯಿಸಿದರೆ

ಈಗ ಮೇಲಿನ ನಾಲ್ಕು ನಿಯಮಗಳನ್ನು ಹಿಡಿದು ಬೋರ್‌ವೆಲ್ ನೀರಿನತ್ತ ನೋಡೋಣ.

ಕೀಟನಾಶಕ: ಕ್ಲೋರ್‌ಪೈರಿಫಾಸ್‌ನಂಥ ಅಣುವಿನಲ್ಲಿ ಉಂಗುರವಿದೆ, ನೀರಿನಲ್ಲಿ ಕರಗುವುದು ಕಡಿಮೆ. ಒಳ್ಳೆಯ ಸಕ್ರಿಯ ಇಂಗಾಲ ಇದನ್ನು ಹಿಡಿಯುತ್ತದೆ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಬೆಳ್ಳಿಯ ನ್ಯಾನೋ ಕಣಗಳಿಂದ ಕೀಟನಾಶಕ ಹಿಡಿಯುವ ದಾರಿ ಕಂಡುಹಿಡಿದು, ಅದು ಮನೆಬಳಕೆಯ ಫಿಲ್ಟರ್‌ಗಳಿಗೂ ಬಂತು. ಪ್ರದೀಪ್ ಪಿಎಚ್‌ಡಿ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ. ಅಂದಹಾಗೆ ನಮ್ಮ ಕರಿ ಮಣ್ಣಿನ ಜೇಡಿಯೂ ಅಂಟಿಕೆಯಲ್ಲಿ ಕಡಿಮೆಯೇನಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಮಣ್ಣು ಮುಟ್ಟುತ್ತಲೇ ಜೇಡಿಯ ಪದರಗಳಿಗೆ ಗಟ್ಟಿಯಾಗಿ ಅಂಟಿ ನಿಷ್ಕ್ರಿಯವಾಗುತ್ತದೆ. ಅದಕ್ಕೆ ಕಾರಣ ಪ್ಯಾರಾಕ್ವಾಟ್‌ನ ಧನ ವಿದ್ಯುದಂಶ, ಜೇಡಿಯ ಋಣ ವಿದ್ಯುದಂಶ. ಯಾವ ಮೇಲ್ಮೈಗೆ ಯಾವ ಅಣು ಎಂಬ ಜೋಡಿಯೇ ಇಲ್ಲಿ ಮುಖ್ಯ.

ನೈಟ್ರೇಟ್: ಯೂರಿಯಾ, ತಿಪ್ಪೆಗುಂಡಿ, ಶೌಚಗುಂಡಿಗಳಿಂದ ಇಳಿದು ಅಂತರ್ಜಲ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇದು ಸಣ್ಣ ಅಯಾನು, ನೀರಿನ ಗೆಳೆಯ. ಸಾಮಾನ್ಯ ಕಾರ್ಬನ್ ಇದನ್ನು ತಡೆಯುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಇದು ಅಪಾಯ. ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಮಗುವಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ಸರಿಯಾಗುತ್ತದೆ ಎಂದುಕೊಳ್ಳಬೇಡಿ. ಕುದಿಸಿದಾಗ ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿಯುತ್ತದೆ, ಸಾಂದ್ರತೆ ಇನ್ನೂ ಏರುತ್ತದೆ.

ಫ್ಲೋರೈಡ್: ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಮಿತಿ ಮೀರಿದರೆ ಹಲ್ಲು, ಮೂಳೆಗೆ ಕುತ್ತು. ಸಾಮಾನ್ಯ ಇದ್ದಿಲು ಇದನ್ನೂ ಬಿಟ್ಟುಬಿಡುತ್ತದೆ. ಆದರೆ ಅಲ್ಯೂಮಿನಾ ಎಂಬ ಅಲ್ಯೂಮಿನಿಯಂ ಆಕ್ಸೈಡಿನ ಮೇಲ್ಮೈ ಫ್ಲೋರೈಡನ್ನು ಹಿಡಿಯುತ್ತದೆ. ಪಟಿಕ ಮತ್ತು ಸುಣ್ಣ ಬಳಸುವ ‘ನಲಗೊಂಡ ವಿಧಾನ’ವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು ಈ ತೊಂದರೆಗಾಗಿಯೇ. ಇದು ಅಳತೆ ತಿಳಿದವರು ಮಾಡಬೇಕಾದ ಕೆಲಸ, ಅಡುಗೆಮನೆಯ ಪ್ರಯೋಗವಲ್ಲ.

ಗಡಸುತನ ಮತ್ತು ಟಿಡಿಎಸ್: ಪಾತ್ರೆಗೆ ಬಿಳಿ ಪದರ ಕಟ್ಟುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅಯಾನುಗಳೇ. ಕಾರ್ಬನ್ ಫಿಲ್ಟರ್ ಹಾಕಿದರೂ ಟಿಡಿಎಸ್ ಮೀಟರಿನ ಅಂಕೆ ಇಳಿಯುವುದಿಲ್ಲ. ಹಾಗೆಂದು ಟಿಡಿಎಸ್ ಮೀಟರನ್ನೂ ಕುರುಡಾಗಿ ನಂಬುವಂತಿಲ್ಲ. ಅದು ಕೀಟನಾಶಕವನ್ನಾಗಲಿ, ಬ್ಯಾಕ್ಟೀರಿಯಾವನ್ನಾಗಲಿ ತೋರಿಸುವುದಿಲ್ಲ.

ರೋಗಾಣು: ಸಾಮಾನ್ಯ ಕಾರ್ಬನ್ ಇವನ್ನು ಕೊಲ್ಲುವುದಿಲ್ಲ. ಇಲ್ಲಿ ಕುದಿಸುವುದು ಕೆಲಸ ಮಾಡುತ್ತದೆ.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇರುವ ಆರ್‌ಒ ಪೊರೆ ನೈಟ್ರೇಟ್, ಫ್ಲೋರೈಡ್, ಗಡಸುತನಗಳನ್ನು ಬಹುಪಾಲು ತಡೆಯುತ್ತದೆ. ಅಲ್ಲಿ ಪೊರೆಗೆ ಮುಂಚೆ ಕಾರ್ಬನ್ ಹಂತವೂ ಇರುತ್ತದೆ. ಅದರ ಮುಖ್ಯ ಕೆಲಸ ಕ್ಲೋರಿನ್ ತೆಗೆದು ಪೊರೆಯನ್ನು ಕಾಪಾಡುವುದು. ಹೀಗೆ ಎರಡೂ ಬೇರೆ ಬೇರೆ ಕೆಲಸ ಹಂಚಿಕೊಂಡಿರುತ್ತವೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಜೀವಕ್ಕೆ ಕುತ್ತು ತರುವ ಮೂರು ಮಾತುಗಳು

*“ಕೋಣೆಯಲ್ಲಿ ಇದ್ದಿಲು ಇಟ್ಟರೆ ಕೆಟ್ಟ ಗಾಳಿಯೆಲ್ಲ ಹೀರಿಕೊಳ್ಳುತ್ತದೆ.”*
ವಾಸನೆಯ ಮಟ್ಟಿಗೆ ಸ್ವಲ್ಪ ಸರಿ. ಆದರೆ ಚಳಿಗಾಲದ ರಾತ್ರಿ ಬಾಗಿಲು ಕಿಟಕಿ ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಇದ್ದಿಲು ತಡೆಯಲ್ಲ. ಆ ಅಣು ಬಹಳ ಸಣ್ಣದು, ಹಗುರ. ಸೊನ್ನೆಗಿಂತ 191 ಡಿಗ್ರಿ ಕೆಳಗೆ ಹೋದರೆ ಮಾತ್ರ ದ್ರವವಾಗುವಂಥದ್ದು. ಕೋಣೆಯ ಶಾಖದಲ್ಲಿ ಇಂಗಾಲದ ಮೇಲೆ ಅದು ನಿಲ್ಲುವುದಿಲ್ಲ. ಶುದ್ಧ ನ್ಯಾನೋಟ್ಯೂಬ್ ಮೇಲೂ ಅಷ್ಟೇ. ಅದೇ ಅಣು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಲವಾಗಿ ಅಂಟುತ್ತದೆ. ವಾಸನೆ ಇಲ್ಲದ್ದರಿಂದ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ.

*“ವಿಷ ಹೊಟ್ಟೆಗೆ ಹೋದರೆ ಇದ್ದಿಲು ಪುಡಿ ಕುಡಿಸಿ, ಆಸ್ಪತ್ರೆ ಬೇಡ.”*
ಆಸ್ಪತ್ರೆಯಲ್ಲಿ ವೈದ್ಯರು ಸಕ್ರಿಯ ಇಂಗಾಲ ಕೊಡುವುದು ನಿಜ. ಆದರೆ ಅದು ಸಾಮಾನ್ಯವಾಗಿ ಮೊದಲ ಒಂದು ಗಂಟೆಯೊಳಗೆ, ಆಯ್ದ ವಿಷಗಳಿಗೆ, ರೋಗಿ ಎಚ್ಚರವಾಗಿರುವಾಗ. ಸೀಮೆಎಣ್ಣೆ, ಆಸಿಡ್, ಮದ್ಯ, ಕಬ್ಬಿಣದ ಮಾತ್ರೆ ಇವಕ್ಕೆ ಅದು ಉಪಯೋಗವಿಲ್ಲ. ಶ್ರೀಲಂಕಾದಲ್ಲಿ ವಿಷ ಸೇವಿಸಿದ 4,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪದೇಪದೇ ಇದ್ದಿಲು ಕೊಟ್ಟರೂ ಸಾವಿನ ಸಂಖ್ಯೆ ಇಳಿಯಲಿಲ್ಲ. ಮಂಪರಿನಲ್ಲಿರುವವರಿಗೆ ಮನೆಯಲ್ಲಿ ಏನನ್ನಾದರೂ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಅಪಾಯ. ಏನನ್ನೂ ಕುಡಿಸದೆ 108ಕ್ಕೆ ಕರೆ ಮಾಡಿ, ವಿಷದ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಎಣ್ಣೆ ಹೊಡೆಯುವಾಗ ಮೈಮೇಲೆ ಬಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರಿನಿಂದ ತೊಳೆಯಿರಿ. ಯಾರಾದರೂ ಬದುಕು ಬೇಡ ಎನ್ನುವಷ್ಟು ನೊಂದಿದ್ದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

*“ಹಾವು ಕಚ್ಚಿದ ಜಾಗಕ್ಕೆ ಕರಿ ಕಲ್ಲು ಇಟ್ಟರೆ ವಿಷ ಎಳೆದುಕೊಳ್ಳುತ್ತದೆ.”*
ಈ ಕಲ್ಲು ಬಹುಮಟ್ಟಿಗೆ ಸುಟ್ಟ ಮೂಳೆಯ ತುಂಡು. ರಂಧ್ರಗಳಿರುವುದರಿಂದ ರಕ್ತದ ತೇವ ಹೀರಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನೋಡಿದವರಿಗೆ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಆದರೆ ವಿಷ ಅಷ್ಟರಲ್ಲಿ ಮಾಂಸದೊಳಗೆ ಇಳಿದಿರುತ್ತದೆ. ಮೇಲೆ ಇಟ್ಟ ಕಲ್ಲಿಗೂ ಅದಕ್ಕೂ ಭೇಟಿಯೇ ಇಲ್ಲ. ಅಂಟಿಕೆಗೆ ಮೊದಲ ಷರತ್ತು ಅಣು ಮೇಲ್ಮೈಯನ್ನು ಮುಟ್ಟಬೇಕು ಎಂಬುದು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರತಿವಿಷದ ಚುಚ್ಚುಮದ್ದೇ ಮದ್ದು.

ಇನ್ನು ಇದ್ದಿಲಿನ ಟೂತ್‌ಪೇಸ್ಟ್ ಹಲ್ಲನ್ನು ಬೆಳ್ಳಗೆ, ಸುರಕ್ಷಿತವಾಗಿ ಮಾಡುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು 2017ರಲ್ಲಿ ಅಮೆರಿಕದ ದಂತವೈದ್ಯರ ಪತ್ರಿಕೆಯಲ್ಲಿ ಬಂದ ವಿಮರ್ಶೆ ಹೇಳಿತು. ‘ಡಿಟಾಕ್ಸ್’ ಹೆಸರಿನಲ್ಲಿ ಇದ್ದಿಲು ಮಾತ್ರೆ ನುಂಗುವವರಿಗೆ ಒಂದು ಮಾತು. ಅದು ನಿಮ್ಮ ಔಷಧವನ್ನೂ ಹಿಡಿದುಕೊಳ್ಳುತ್ತದೆ. ಫಿಟ್ಸ್, ಹೃದಯದ ಕೆಲವು ಮಾತ್ರೆಗಳು ಇಂಗಾಲಕ್ಕೆ ಚೆನ್ನಾಗಿ ಅಂಟುವ ಜಾತಿಯವು.

ಹಾಗಾದರೆ ಏನು ಮಾಡಬೇಕು?

ಫಿಲ್ಟರ್ ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಡುವ ವ್ಯವಸ್ಥೆ ಇದೆ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳೂ ಇವೆ. ನಿಮ್ಮ ಪಂಚಾಯಿತಿಯಲ್ಲಿ ಕೇಳಿ. ನೈಟ್ರೇಟ್, ಫ್ಲೋರೈಡ್, ಗಡಸುತನ, ಬ್ಯಾಕ್ಟೀರಿಯಾ ಈ ನಾಲ್ಕರ ಅಂಕೆ ಕೈಗೆ ಬಂದರೆ ಯಾವ ಫಿಲ್ಟರ್ ಬೇಕೆಂದು ಅರ್ಧ ತೀರ್ಮಾನವಾದಂತೆ.

ಮಾರುವವರು ‘ನ್ಯಾನೋ ಕಾರ್ಬನ್, ಎಲ್ಲವನ್ನೂ ಹಿಡಿಯುತ್ತದೆ’ ಎಂದರೆ ಮೂರು ಪ್ರಶ್ನೆ ಕೇಳಿ. ಯಾವ ವಸ್ತುವನ್ನು ಹಿಡಿಯುತ್ತದೆ, ಹೆಸರು ಹೇಳಿ. ಎಷ್ಟು ಲೀಟರ್ ಆದ ಮೇಲೆ ಸೀಟು ತುಂಬುತ್ತದೆ? ಪರೀಕ್ಷಿಸಿದ್ದು ಯಾವ ಪ್ರಯೋಗಾಲಯ, ವರದಿ ಎಲ್ಲಿದೆ? ಉತ್ತರ ಬಾರದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ.

ಇದ್ದಿಲು ಎರಡು ತುಂಡು ಹಾಕಿ ಎಂಬ ಸಂದೇಶ ಮುಂದಿನ ಸಲ ಗ್ರೂಪಿನಲ್ಲಿ ಬಂದಾಗ ‘ಯಾವುದನ್ನು ಹಿಡಿಯುತ್ತದೆ?’ ಎಂದು ಒಂದೇ ಸಾಲು ಬರೆದು ನೋಡಿ. ಹಸುಗೂಸು ಇರುವ ಮನೆಯವರು ಅದನ್ನು ಓದಿ ಬೋರ್‌ವೆಲ್ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಿದರೂ ಸಾಕು.